ಬಿಳಿಗಲ್ಲು ಏರನ್ನು ಮುಚ್ಚಿದ ಚಳಿಗಾಲ

ಪಾರ್ಕಿಂಗ್ ಜಾಗಗಳಲ್ಲಿ ಮಳೆನೀರು ನಿಲ್ಲದಂತೆ ಮಾಡುವುದು ಆಗ ನನ್ನ ಕೆಲಸ. ಅಮೆರಿಕದ ಶಾರ್ಲಟ್ ನಗರ ದಕ್ಷಿಣಕ್ಕೆ ಬೆಳೆಯುತ್ತ ರಾಜ್ಯದ ಗಡಿ ದಾಟಿ ನಾನಿದ್ದ ಫೋರ್ಟ್ ಮಿಲ್‌ವರೆಗೂ ಬಂದಿತ್ತು. ಎಲ್ಲಿ ನೋಡಿದರೂ ಹೊಸ ಅಂಗಡಿಸಾಲು, ಹೊಸ ಮನೆಗಳು. ಅವುಗಳ ಚರಂಡಿ, ಮೋರಿ, ಹೊಂಡಗಳ ನಕ್ಷೆ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಎಂಜಿನಿಯರ್. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯ ಕೊನೆಯಲ್ಲಿ ಬಾಸ್ ಕರೆದು, ಸರ್ಕಾರಿ ಕಾಡಿನಲ್ಲಿ ಮಣ್ಣು ಕೊಚ್ಚಿಹೋಗುತ್ತಿದೆ, ನೋಡಿ ಬಾ ಎಂದಾಗ ನನಗೆ ಖುಷಿಯೇ ಆಯಿತು. ಕೊಚ್ಚಿಹೋಗುತ್ತಿರುವುದು ಯಾಕೆ ಎಂದು ತಿಳಿದ ಮೇಲೆ ಆ ಖುಷಿ ಅರ್ಧಕ್ಕಿಳಿಯಿತು. ಆ ಕಾಡಿನಲ್ಲಿ ಡರ್ಟ್ ಬೈಕ್ ಮತ್ತು ಫೋರ್‌ವೀಲರ್ ಓಡಿಸುವವರಿಗಾಗಿ ಬಿಟ್ಟ ದಾರಿಗಳಿದ್ದವು. ಬೈಕಿನ ಹ್ಯಾಂಡಲ್ಲು, ನಾಲ್ಕು ದಪ್ಪ ಟೈರು ಇರುವ ಆ ಗಾಡಿಗಳನ್ನು ಪಿಕಪ್ ಟ್ರಕ್ಕುಗಳ ಹಿಂದೆ ಕಟ್ಟಿಕೊಂಡು ಹೋಗುವವರನ್ನು ಹೆದ್ದಾರಿಯಲ್ಲಿ ನೋಡಿದ್ದೆ. ಗಲಾಟೆ ಮಾಡುವುದಕ್ಕೆಂದೇ ಕಾಡಿಗೆ ಹೋಗುವ ಜನ ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಅಳತೆಯ ಕೆಲಸಕ್ಕೆ ನಮ್ಮ ಆಫೀಸಿನ ಸರ್ವೇಯರ್ ಜೊತೆಗೆ ಬಂದರು. ಅವರು ಮೈಸೂರಿನ ಮಂಡಿ ಮೊಹಲ್ಲಾದವರು, ನನಗಿಂತ ದೊಡ್ಡವರು. ನಾನು ಭಾಯ್ ಎನ್ನುತ್ತಿದ್ದೆ. ಅವರು ನನ್ನನ್ನು ಸಿಸ್ಟರ್ ಎನ್ನುತ್ತಿದ್ದರು. ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಮೊದಲ ದಿನ ಅವರ ಟ್ರಕ್ಕಿನಲ್ಲಿ ಕಾಡಿಗೆ ಹೊರಟಾಗ ದಾರಿಯುದ್ದಕ್ಕೂ ನಾನು ಆ ಗಾಡಿಯವರನ್ನು ಬೈಯುತ್ತಲೇ ಇದ್ದೆ.

"ಸಿಸ್ಟರ್, ಹಿಂದಿನ ಸೀಟಲ್ಲಿ ಏನಿದೆ ಸ್ವಲ್ಪ ನೋಡಿ" ಎಂದರು ಕೊನೆಗೆ.

ತಿರುಗಿ ನೋಡಿದೆ. ಒಂದು ಹೆಲ್ಮೆಟ್, ಕೆಸರು ಒಣಗಿದ ಬೂಟು, ಮೊಣಕಾಲಿಗೆ ಕಟ್ಟುವ ಪ್ಲಾಸ್ಟಿಕ್ ಗಾರ್ಡು.

"ನೀವೂನಾ?"

"ಎರಡು ವರ್ಷದಿಂದ ಇಲ್ಲಿ ಗಾಡಿ ಓಡಿಸೋರ ಕ್ಲಬ್ ಮೆಂಬರ್. ಇದರಲ್ಲಿ ನನ್ನ ಸ್ವಂತ ಹಿತಾನೂ ಇದೆ ಅಂತ ಬೆಳಿಗ್ಗೆ ಬಾಸ್‌ಗೂ ಹೇಳಿದೆ. ಅಳತೆ ಸುಳ್ಳು ಹೇಳಲ್ಲ, ಹೋಗು ಅಂದ್ರು."

ಕಾಡಿನಲ್ಲಿ ನಮಗಾಗಿ ಕಾಯುತ್ತಿದ್ದ ರೇಂಜರ್ ನಡುವಯಸ್ಸಿನ, ಮಾತು ಕಡಿಮೆಯ ಹೆಂಗಸು. ಅವರು ನೇರವಾಗಿ ಹೊಳೆಯ ಹತ್ತಿರ ಕರೆದುಕೊಂಡು ಹೋದರು. ಹಿಂದಿನ ದಿನ ಜೋರು ಮಳೆಯಾಗಿತ್ತು. ಮೇಲಿನಿಂದ ತಿಳಿಯಾಗಿ ಬರುತ್ತಿದ್ದ ಹೊಳೆಗೆ ಎಡಗಡೆಯ ಕೊರಕಲಿನಿಂದ ಇಟ್ಟಿಗೆಯ ಬಣ್ಣದ ನೀರು ಇಳಿಯುತ್ತಿತ್ತು. ಸ್ವಲ್ಪ ದೂರ ಎರಡು ನೀರೂ ಬೆರೆಯದೆ ಅಕ್ಕಪಕ್ಕ ಹರಿದು, ತಿರುವಿನಲ್ಲಿ ಇಡೀ ಹೊಳೆ ಕೆಂಪಾಗುತ್ತಿತ್ತು. ರೇಂಜರ್ ತಿಳಿನೀರಿನ ಕಡೆ ಇಳಿದು ಕಲ್ಲುಗಳ ನಡುವೆ ಕೈಹಾಕಿ ಒಂದು ಕಪ್ಪೆಚಿಪ್ಪನ್ನು ಎತ್ತಿ ತೋರಿಸಿದರು. ಅಂಗೈಗಿಂತ ಚಿಕ್ಕದು, ಒಳಗೆ ಜೀವವಿತ್ತು. ಈ ಜಾತಿ ಈಗ ಕೆಲವೇ ಹೊಳೆಗಳಲ್ಲಿ ಉಳಿದಿದೆ, ಮಣ್ಣು ಕೂತರೆ ಉಸಿರುಕಟ್ಟಿ ಸಾಯುತ್ತದೆ ಎಂದು ಹೇಳಿ ಅದನ್ನು ಇದ್ದ ಜಾಗದಲ್ಲೇ, ಇದ್ದ ಹಾಗೆಯೇ ಇಟ್ಟರು.

"ಈ ದಾರಿಗಳು ಬೇಡ ಅಂತ ನಾನು ಹೇಳ್ತಾ ಇಲ್ಲ" ಎಂದರು. "ಕಾಡು ಗಾಡಿ ಓಡಿಸೋರದ್ದೂ ಹೌದು. ಆದರೆ ವಸಂತದ ಹೊತ್ತಿಗೆ ಈ ನೀರು ತಿಳಿಯಾಗದೇ ಇದ್ರೆ ಎಲ್ಲ ದಾರಿ ಮುಚ್ಚಬೇಕಾಗುತ್ತೆ. ಬರೀ ಒಂದನ್ನಲ್ಲ."

ದಾರಿಗಳನ್ನು ಅಳೆಯಬೇಕಾದರೆ ಅವುಗಳ ಮೇಲೆ ಹೋಗಲೇಬೇಕು. ಹೀಗಾಗಿ ನಾನು ಫೋರ್‌ವೀಲರ್ ಕಲಿತೆ. ಭಾಯ್ ಒಂದು ಬಯಲಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಶುರುಮಾಡುವ ಮೊದಲೇ ಅರ್ಧ ಗಂಟೆ ಪಾಠ ಮಾಡಿದರು. ಏರಿನಲ್ಲಿ ಮೈ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ. ಚಕ್ರ ತಿರುಗಿ ಮಣ್ಣು ಹಾರಿತೆಂದರೆ ಥ್ರಾಟಲ್ ಬಿಡಬೇಕು. ದಾರಿ ಬಿಟ್ಟು ಒಂದಡಿಯೂ ಪಕ್ಕಕ್ಕೆ ಹೋಗುವ ಹಾಗಿಲ್ಲ.

"ಕೆಸರಿನ ಗುಂಡಿ ಬಂದ್ರೆ ಪಕ್ಕದಲ್ಲಿ ಹೋಗಬಹುದಲ್ಲ?" ಎಂದು ಕೇಳಿದೆ.

"ಅದೇ ಮಾಡಬಾರ್ದು. ನೀವು ಪಕ್ಕದಲ್ಲಿ ಹೋಗ್ತೀರ, ನಿಮ್ಮ ಹಿಂದಿನವನು ಇನ್ನೂ ಪಕ್ಕಕ್ಕೆ ಹೋಗ್ತಾನೆ. ಆರು ತಿಂಗಳಲ್ಲಿ ದಾರಿ ಹೋಗಿ ಮೈದಾನ ಆಗುತ್ತೆ. ನಿಧಾನಕ್ಕೆ ಮಧ್ಯದಲ್ಲೇ ಹೋಗಿ. ಬಟ್ಟೆ ಒಗೀಬಹುದು."

ಮಧ್ಯಾಹ್ನ ಒಂದು ತಿರುವಿನಲ್ಲಿ ಅವರು ತಟ್ಟನೆ ಕೈಯೆತ್ತಿ ನಿಂತರು. ಕೆಳಗಿನಿಂದ ಕುದುರೆ ಸವಾರರು ಬರುತ್ತಿದ್ದರು. ಕಾಡಿನ ಆ ಭಾಗದಲ್ಲಿ ಇಬ್ಬರ ದಾರಿಯೂ ಸ್ವಲ್ಪ ದೂರ ಒಂದೇ. ಭಾಯ್ ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು, ಗಾಡಿಯಿಂದಿಳಿದು ದಾರಿಯ ಅಂಚಿಗೆ ನಿಂತು, "ಹೇಗಿದ್ದೀರಿ, ಒಳ್ಳೆ ಬಿಸಿಲು ಇವತ್ತು" ಎಂದು ಗಟ್ಟಿಯಾಗಿ ಮಾತಾಡಿಸಿದರು. ಕಿವಿ ನಿಮಿರಿಸಿ ಹಿಂದೆ ಸರಿಯುತ್ತಿದ್ದ ಮುಂದಿನ ಕುದುರೆ ಆ ದನಿ ಕೇಳಿ ತಲೆ ತಗ್ಗಿಸಿತು. ಸವಾರರು ಥ್ಯಾಂಕ್ಸ್ ಹೇಳಿ ದಾಟಿದರು.

"ಹೆಲ್ಮೆಟ್ ಹಾಕ್ಕೊಂಡಿದ್ರೆ ಕುದುರೆಗೆ ನಾವು ಮನುಷ್ಯರು ಅಂತ ಗೊತ್ತಾಗಲ್ಲ ಸಿಸ್ಟರ್" ಎಂದರು ಭಾಯ್. "ದನಿ ಕೇಳಿದ್ರೆ ಗೊತ್ತಾಗುತ್ತೆ." ಅವರು ಮತ್ತೆ ಗಾಡಿ ಶುರುಮಾಡಿದ್ದು ಕುದುರೆಗಳು ಕಣ್ಮರೆಯಾದ ಮೇಲೆ, ಗೊರಸಿನ ಸದ್ದೂ ಕೇಳಿಸದಾದ ಮೇಲೆ.

ಹೆದ್ದಾರಿಯಲ್ಲಿ ಕಂಡು ಕಟ್ಟಿಕೊಂಡಿದ್ದ ನನ್ನ ಅಭಿಪ್ರಾಯ ಅವತ್ತೇ ಸಡಿಲವಾಯಿತು.

ಎರಡು ವಾರ ಇಳಿಜಾರು ಅಳೆದೆವು, ಮಣ್ಣು ಅಗೆದು ನೋಡಿದೆವು. ಬಹುಪಾಲು ದಾರಿಗಳು ಚೆನ್ನಾಗಿಯೇ ಇದ್ದವು. ಕ್ಲಬ್ಬಿನವರು ರಜಾದಿನಗಳಲ್ಲಿ ಬಂದು ಚರಂಡಿ ಬಿಡಿಸಿ, ಬಿದ್ದ ಮರ ಕಡಿದು ಅವುಗಳನ್ನು ನೋಡಿಕೊಂಡಿದ್ದರು. ತೊಂದರೆಯೆಲ್ಲ ಇದ್ದದ್ದು ಒಂದೇ ಕಡೆ. ಬಿಳಿಗಲ್ಲು ಏರು ಎಂದು ಅದರ ಹೆಸರು. ಬೆಣಚುಕಲ್ಲು ಹಲ್ಲಿನ ಹಾಗೆ ಎದ್ದ ಕೆಂಪು ದಾರಿ ಗುಡ್ಡದ ನೆತ್ತಿಯಿಂದ ಹೊಳೆಯವರೆಗೆ ಬೈತಲೆ ತೆಗೆದ ಹಾಗೆ ನೇರ ಇಳಿದಿತ್ತು. ಅದನ್ನು ಹತ್ತುವುದಕ್ಕೆಂದೇ ವರ್ಜೀನಿಯಾದಿಂದ, ಜಾರ್ಜಿಯಾದಿಂದ ಜನ ಬರುತ್ತಿದ್ದರು. ಗುಡ್ಡದ ಮೇಲೆ ಬಿದ್ದ ಮಳೆಯೂ ಅದೇ ದಾರಿ ಹಿಡಿಯುತ್ತಿತ್ತು.

ಏರನ್ನು ಉಳಿಸಿಕೊಂಡೇ ನೀರನ್ನು ಪಳಗಿಸಬಹುದು ಎಂದು ನಾನು ಅಂದುಕೊಂಡೆ. ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಮಣ್ಣಿನ ದಿಬ್ಬ ಕಟ್ಟಿ ನೀರನ್ನು ಪಕ್ಕದ ಕಾಡಿಗೆ ತಿರುಗಿಸುವುದು, ಬುಡದಲ್ಲಿ ಕಲ್ಲು ಹಾಸುವುದು, ಅಲ್ಲೊಂದು ಹೊಂಡ ತೋಡಿ ಮಣ್ಣು ತಳಕ್ಕೆ ಕೂರುವಂತೆ ಮಾಡುವುದು. ಪಾರ್ಕಿಂಗ್ ಜಾಗಗಳಲ್ಲಿ ಇಂಥದ್ದನ್ನು ಎಷ್ಟೋ ಸಲ ಮಾಡಿದ್ದೆ. ಕ್ಲಬ್ಬಿನ ಅಧ್ಯಕ್ಷ ನಕ್ಷೆಯನ್ನು ಟ್ರಕ್ಕಿನ ಬಾನೆಟ್ಟಿನ ಮೇಲೆ ಹರಡಿಕೊಂಡು ನೋಡಿದ. ಅವನು ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ಎದೆಯ ತನಕ ಗಡ್ಡ, ಗುಡ್ಡದಾಚೆಗೂ ಕೇಳುವ ಗಂಟಲು.

"ಏರು ಉಳಿಯುತ್ತೆ ತಾನೇ?" ಎಂದು ಕೇಳಿದ.

"ಉಳಿಯುತ್ತೆ" ಎಂದೆ.

"ಹಾಗಾದ್ರೆ ಎಷ್ಟು ಜನ ಬೇಕು ಹೇಳಿ."

ಮುಂದಿನ ಶನಿವಾರ, ಭಾನುವಾರಗಳಲ್ಲಿ ಬಂದವರನ್ನು ನೋಡಿ ಆಶ್ಚರ್ಯವಾಯಿತು. ನರ್ಸು, ಮೆಕ್ಯಾನಿಕ್ಕು, ಹೈಸ್ಕೂಲ್ ಮೇಷ್ಟ್ರು, ಗಂಡ ಹೆಂಡತಿ ಜೋಡಿಗಳು. ಹಾರೆ ಗುದ್ದಲಿ ಅವರದ್ದೇ, ಊಟವೂ ಅವರದ್ದೇ. ಅಕ್ಟೋಬರ್ ಹೊತ್ತಿಗೆ ಎಲ್ಲ ದಿಬ್ಬಗಳೂ ಎದ್ದು ನಿಂತವು.

ಆಮೇಲೆ ಕರಾವಳಿಗೆ ಚಂಡಮಾರುತ ಬಡಿಯಿತು. ಅದರ ಬಾಲ ನಮ್ಮ ಕಡೆಗೂ ಬಂದು ಎಡೆಬಿಡದೆ ಮಳೆ ಸುರಿಯಿತು. ಎರಡನೆಯ ದಿನ ಬೆಳಿಗ್ಗೆ ಮಳೆ ಇನ್ನೂ ಹನಿಯುತ್ತಿರುವಾಗಲೇ ಭಾಯ್ ಮತ್ತು ನಾನು ರೇನ್‌ಕೋಟ್ ಹಾಕಿಕೊಂಡು ಏರಿನ ಬುಡಕ್ಕೆ ಹೋದೆವು. ಹೊಂಡ ಇರಲಿಲ್ಲ. ಅಂದರೆ, ಮಣ್ಣು ಅಂಚಿನ ತನಕ ತುಂಬಿ ಎಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಹಾಸಿದ ಕಲ್ಲುಗಳು ಹೊಳೆಯಲ್ಲಿ ಬಿದ್ದಿದ್ದವು. ಹೊಳೆ ನಾನು ಮೊದಲ ದಿನ ಕಂಡದ್ದಕ್ಕಿಂತ ಕೆಂಪಗಿತ್ತು.

ಭಾಯ್ ಹೇಳಿದ್ದು ಒಂದೇ ಮಾತು. "ಬನ್ನಿ, ಮೇಲಿಂದ ನೋಡೋಣ."

ಪಕ್ಕದ ಕಾಡಿನಲ್ಲಿ ಮರಗಳನ್ನು ಹಿಡಿದುಕೊಂಡು ನೆತ್ತಿಗೆ ಹತ್ತಿ, ಮಳೆಯಲ್ಲಿ ನಿಂತು ನೀರು ಹೋಗುವ ದಾರಿಯನ್ನೇ ನೋಡುತ್ತ ಹೆಜ್ಜೆಹೆಜ್ಜೆಗೂ ಇಳಿದೆವು. ಮೊದಲ ದಿಬ್ಬ ನೀರನ್ನು ತಿರುಗಿಸುವುದರ ಬದಲು ಕೆರೆಯ ಹಾಗೆ ತಡೆದು ನಿಲ್ಲಿಸಿತ್ತು, ಅದು ಒಡೆದಿತ್ತು. ಆ ರಭಸಕ್ಕೆ ಕೆಳಗಿನವೆಲ್ಲ ಒಂದರ ಹಿಂದೊಂದು ಒಡೆದಿದ್ದವು. ವರ್ಷಗಟ್ಟಲೆ ಚಕ್ರಗಳು ಕೆತ್ತಿ ಕೆತ್ತಿ ದಾರಿ ಅಕ್ಕಪಕ್ಕದ ನೆಲಕ್ಕಿಂತ ಮೊಣಕಾಲುದ್ದ ಕೆಳಗೆ ಇಳಿದುಬಿಟ್ಟಿತ್ತು. ಪಕ್ಕಕ್ಕೆ ಹೋಗು ಎಂದರೆ ನೀರು ಹತ್ತಿ ಹೋಗಬೇಕಿತ್ತು. ಮಳೆಯಲ್ಲಿ ಕಣ್ಣಾರೆ ಕಂಡ ಮೇಲೆ ಇದು ಎಷ್ಟು ಸರಳ ಎನಿಸಿತು. ಒಣ ದಿನಗಳಲ್ಲಿ ಎರಡು ವಾರ ಅಳೆದರೂ ಆಳದ ಆ ಅರ್ಥ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಬಾಸ್‌ಗೆ ಫೋನ್ ಮಾಡಿದೆ. ಹೊಂಡ ದೊಡ್ಡದು ಮಾಡು, ಕಲ್ಲು ಜಾಸ್ತಿ ಹಾಕು, ಇನ್ನೊಂದು ನಕ್ಷೆ ಕಳಿಸು ಎಂದರು. ಹಾಗೆ ಮಾಡಿದ್ದರೆ ಯಾರೂ ನನ್ನನ್ನು ದೂರುತ್ತಿರಲಿಲ್ಲ. ನನ್ನ ವೀಸಾ ಆ ಕೆಲಸದ ಮೇಲೆ ನಿಂತಿತ್ತು. ಮೊದಲ ಸಲ ಸಿಕ್ಕ ಕಾಡಿನ ಕೆಲಸ ಸೋತಿತು ಎಂದು ನಾನೇ ಹೇಳಿಕೊಳ್ಳುವುದಕ್ಕೆ ಹೆದರಿಕೆಯಾಯಿತು. ಟ್ರಕ್ಕಿನಲ್ಲಿ ಹೀಟರ್ ಹಾಕಿಕೊಂಡು ಕೂತು ಭಾಯ್‌ಗೆ ಹೇಳಿದೆ:

"ಏನು ಕಟ್ಟಿದ್ರೂ ನಿಲ್ಲಲ್ಲ ಭಾಯ್. ಏರನ್ನ ಮುಚ್ಚಬೇಕು. ಗುಡ್ಡ ಸುತ್ಕೊಂಡು ಹೋಗೋ ಹಾಗೆ ಹೊಸ ದಾರಿ ಮಾಡಬೇಕು."

ಅವರು ವೈಪರ್ ನಿಲ್ಲಿಸಿದರು. "ನಾನು ಈ ಕ್ಲಬ್ ಸೇರಿದ್ದೇ ಈ ಏರು ನೋಡಿ" ಎಂದರು. ಆಮೇಲೆ, "ರೇಂಜರ್‌ಗೆ ನೀವು ಹೇಳಿ. ಕ್ಲಬ್ಬಿಗೆ ನಾನು ಹೇಳ್ತೀನಿ. ನೀವು ಹೇಳಿದ್ರೆ ಆಫೀಸಿನವರು ಬಂದು ಕಿತ್ಕೊಂಡ್ರು ಅಂತಾರೆ."

ರೇಂಜರ್ ನನ್ನ ಮಾತನ್ನು ಪೂರ್ತಿ ಕೇಳಿದರು. ಎಲ್ಲ ದಾರಿಗಳನ್ನೂ ಆ ದಿನವೇ ತಾತ್ಕಾಲಿಕವಾಗಿ ಮುಚ್ಚಿದರು. "ಒಂದು ಚಳಿಗಾಲ ಕೊಡ್ತೀನಿ. ಹೊಸ ದಾರಿ ಎಲ್ಲಿ ಹೋಗುತ್ತೆ ಅಂತ ಮೊದಲು ನನ್ನ ಜೊತೆ ನಡೆದು ತೋರಿಸಿ" ಎಂದರು. ಬಾಸ್ ಸಿಟ್ಟಾದರು, ಆದರೆ ರೇಂಜರ್ ಒಪ್ಪಿದ್ದಾರೆಂದು ತಿಳಿದ ಮೇಲೆ ಸುಮ್ಮನಾದರು.

ಕ್ಲಬ್ಬಿನ ಸಭೆ ಹತ್ತಿರದ ಊರಿನ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ. ಜನ ತುಂಬಿದ್ದರು. ಭಾಯ್ ಎದ್ದು ನಿಂತು ಭಾಷಣ ಮಾಡದೆ, ಏರು ಮುಚ್ಚಬೇಕು, ಯಾಕೆಂದರೆ ಹೀಗೆ ಎಂದು ಹೇಳಿದರು. ಹಿಂದಿನ ಸಾಲಿನಿಂದ, ದಿಬ್ಬ ಕಟ್ಟಲು ಬಂದಿದ್ದ ಮೆಕ್ಯಾನಿಕ್ ಎದ್ದ.

"ನಾನು ಹೈಸ್ಕೂಲಿಂದ ಆ ಗುಡ್ಡ ಹತ್ತಿದೀನಿ. ನೀನು ನಿನ್ನೆ ಮೊನ್ನೆ ಬಂದೋನು. ನಮ್ಮ ಗುಡ್ಡ ನಮಗೆ ಬೇಡ ಅಂತೀಯಾ?"

ಭಾಯ್ ದನಿ ಏರಿಸಲಿಲ್ಲ.

"ಬಂದಿದ್ದು ಲೇಟು, ನಿಜ. ಆದರೆ ಭಾನುವಾರ ಬೆಳಿಗ್ಗೆ ನಾನೂ ಅದನ್ನೇ ಹತ್ತೋಕೆ ಬರೋದು. ಮಗಳಿಗೆ ಹೆಲ್ಮೆಟ್ ತಂದಿಟ್ಟಿದೀನಿ. ಆ ಒಂದು ಏರು ಬಿಡಲ್ಲ ಅಂತ ಕೂತ್ರೆ ಅವಳಿಗೆ ತೋರಿಸೋಕೆ ಒಂದು ದಾರಿಯೂ ಉಳಿಯಲ್ಲ. ನನ್ನ ಮಾತು ನಂಬಬೇಡಿ. ಮುಂದಿನ ಮಳೆ ದಿನ ಬನ್ನಿ. ಗಾಡಿ ಬೇಡ, ನಡ್ಕೊಂಡು ಹೋಗೋಣ."

ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಮಳೆ ಬಂದದ್ದು ಕೆಲಸದ ದಿನ, ಚಳಿಯ ಮುಂಜಾನೆ. ಅಧ್ಯಕ್ಷ ಬಂದ, ನರ್ಸು ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದಳು, ಮೇಷ್ಟ್ರು ಬಂದರು. ಮೆಕ್ಯಾನಿಕ್ ಎಲ್ಲರಿಗಿಂತ ಹಿಂದೆ ಜೇಬಿನಲ್ಲಿ ಕೈಯಿಟ್ಟುಕೊಂಡು ಬಂದ. ನೆತ್ತಿಯಿಂದ ಬುಡದವರೆಗೂ ನೀರಿನ ಜೊತೆ ಇಳಿದೆವು. ಕೆಳಗೆ ರೇಂಜರ್ ಕಾಯುತ್ತಿದ್ದರು. ಅಧ್ಯಕ್ಷ ಕೆಂಪು ನೀರೂ ತಿಳಿನೀರೂ ಸೇರುವಲ್ಲಿ ಮೊಣಕಾಲುದ್ದ ಇಳಿದು ತಳದಲ್ಲಿ ಕೈಯಾಡಿಸಿದ. ಮೇಲಕ್ಕೆ ಬಂದದ್ದು ಬಾಯ್ತೆರೆದ ಒಂದು ಚಿಪ್ಪು. ಒಳಗೆ ಬರೀ ಮಣ್ಣು. ಇನ್ನೊಂದು ಎತ್ತಿದ, ಅದೂ ಹಾಗೆಯೇ.

"ಇಷ್ಟು ವರ್ಷ ಈ ಹೊಳೆಯಲ್ಲಿ ಗಾಡಿ ತೊಳೆದಿದೀನಿ" ಎಂದ. ಅವನ ಗಂಟಲು ಅಷ್ಟು ಸಣ್ಣಗೆ ಕೇಳಿಸಿದ್ದು ಅದೊಂದೇ ಸಲ. "ಮುಚ್ಚೋಣ."

ಹೊಸ ದಾರಿಯನ್ನು ನಾನು ಮತ್ತು ಭಾಯ್ ರೇಂಜರ್ ಜೊತೆ ಮೂರು ಸಲ ನಡೆದು, ಮರಗಳಿಗೆ ಕಿತ್ತಳೆ ರಿಬ್ಬನ್ ಕಟ್ಟಿ ಗುರುತು ಹಾಕಿದೆವು. ಗುಡ್ಡದ ಮೈಯನ್ನು ಅಡ್ಡಲಾಗಿ ಸುತ್ತುತ್ತ ಮೆಲ್ಲಗೆ ಏರುವ ದಾರಿ. ಅದರ ಹೊರ ಅಂಚು ಒಳ ಅಂಚಿಗಿಂತ ಸ್ವಲ್ಪ ತಗ್ಗು, ಬಿದ್ದ ನೀರು ದಾರಿಯುದ್ದ ಹರಿಯದೆ ಅಡ್ಡ ದಾಟಿ ಎಲೆಗಳ ಮೇಲೆ ಚೆಲ್ಲಿಹೋಗಲಿ ಎಂದು. ನಡುನಡುವೆ ದಾರಿಯೇ ಒಮ್ಮೆ ಇಳಿದು ಏಳುವ ಉದ್ದನೆಯ ತಗ್ಗುಗಳು. ನೀರು ಎಷ್ಟೇ ಬಂದರೂ ಅಲ್ಲಿ ಹೊರಗೆ ಹೋಗಲೇಬೇಕು. ಹೊಳೆ ದಾಟುವ ಕಡೆ ಒಂದು ಮರದ ಸೇತುವೆ. ಚಕ್ರ ನೀರಿಗೆ ತಾಗುವ ಪ್ರಶ್ನೆಯೇ ಇಲ್ಲ.

ಆ ಚಳಿಗಾಲವಿಡೀ ಕ್ಲಬ್ಬಿನವರು ಕೆಲಸ ಮಾಡಿದರು. ಬೆಳಗಿನ ಮಂಜಿನಲ್ಲಿ ನೆಲ ಗಟ್ಟಿಯಾಗಿ ಹಾರೆ ಕಿಡಿ ಹಾರಿಸುತ್ತಿತ್ತು. ಸಣ್ಣ ಅಗೆಯುವ ಯಂತ್ರವೊಂದನ್ನು ಅಧ್ಯಕ್ಷ ಎಲ್ಲಿಂದಲೋ ಹೊಂದಿಸಿ ತಂದ. ಹಳೆಯ ಏರಿನ ಗಟ್ಟಿ ನೆಲವನ್ನು ಕೆದರಿ, ಅಡ್ಡಲಾಗಿ ದಿಮ್ಮಿಗಳನ್ನು ಮಲಗಿಸಿ, ಹುಲ್ಲಿನ ಬೀಜ ಚೆಲ್ಲಿ ಪೈನ್ ಮರದ ಒಣ ಸೂಜಿ ಎಲೆ ಹೊದಿಸಿದೆವು. ಜನವರಿಯಲ್ಲಿ ರಂಜಾನ್ ಬಂತು. ಭಾಯ್ ಉಪವಾಸ ಇದ್ದುಕೊಂಡೇ ಬರುತ್ತಿದ್ದರು. ಅದು ಗೊತ್ತಾದ ಮೊದಲ ದಿನ ಎಲ್ಲರೂ ಸ್ಯಾಂಡ್‌ವಿಚ್ ಹಿಡಿದುಕೊಂಡು ಟ್ರಕ್ಕುಗಳ ಹಿಂದೆ ಮರೆಯಾದರು.

"ಅಯ್ಯೋ, ಇಲ್ಲೇ ಕೂತು ತಿನ್ನಿ. ನನಗೇನೂ ಆಗಲ್ಲ" ಎಂದು ಭಾಯ್ ನಕ್ಕರು.

ಅಧ್ಯಕ್ಷ ಟ್ರಕ್ಕಿನ ಹಿಂದಿನಿಂದಲೇ ಕೂಗಿದ, "ನಿನಗಾಗಲ್ಲ, ನನಗೆ ಗಂಟಲಲ್ಲಿ ಇಳಿಯಲ್ಲ!" ಅವತ್ತಿನಿಂದ ಕೆಲಸ ಸೂರ್ಯ ಮುಳುಗುವ ತನಕ ನಡೆಯಿತು. ಭಾಯ್ ಖರ್ಜೂರ ಬಾಯಿಗೆ ಹಾಕಿಕೊಂಡ ಮೇಲೆಯೇ ಎಲ್ಲರ ಥರ್ಮಾಸುಗಳೂ ಹೊರಗೆ ಬರುತ್ತಿದ್ದವು.

ಮುಚ್ಚಿದ್ದನ್ನು ಮುಚ್ಚಿದಂತೆಯೇ ಉಳಿಸುವುದು ಅಗೆಯುವುದಕ್ಕಿಂತ ಕಷ್ಟವಾಯಿತು. ಯಾರೋ ಎರಡು ಸಲ ದಿಮ್ಮಿ ಸರಿಸಿ ಏರಿನಲ್ಲಿ ಗಾಡಿ ಹತ್ತಿಸಿದರು. ಹೊದಿಸಿದ ಎಲೆ, ಮೊಳೆತ ಹುಲ್ಲು ಎಲ್ಲ ಕಿತ್ತುಬಂತು. ಬೇಲಿ ಹಾಕೋಣ ಎಂದೆ. ಬೇಲಿ ಕತ್ತರಿಸುತ್ತಾರೆ ಎಂದ ಅಧ್ಯಕ್ಷ. ಬದಲಿಗೆ ಕ್ಲಬ್ಬಿನವರು ರಜಾದಿನಗಳಲ್ಲಿ ಸರದಿಯ ಮೇಲೆ ಏರಿನ ಬಾಯಿಯಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಒಂದು ಶನಿವಾರ ನಾನು ಅಳತೆಗೆ ಹೋದಾಗ ಕೂತಿದ್ದವನು ಮೆಕ್ಯಾನಿಕ್. ದೂರದಿಂದ ಬಂದ ಇಬ್ಬರು ಡರ್ಟ್ ಬೈಕಿನವರು ಅವನ ಮುಂದೆ ನಿಂತಿದ್ದರು.

"ನಾವು ಅಟ್ಲಾಂಟಾದಿಂದ ಬಂದಿದೀವಿ, ಒಂದೇ ಸಲ ಹತ್ತುತೀವಿ" ಎಂದ ಒಬ್ಬ.

"ನನಗೂ ಆಸೆ ಇದೆ" ಎಂದ ಮೆಕ್ಯಾನಿಕ್. "ಮನೆಯಲ್ಲಿ ಗಾಡಿ ನಿಂತಿದೆ. ಬನ್ನಿ, ಯಾಕೆ ಮುಚ್ಚಿದ್ವಿ ಅಂತ ತೋರಿಸ್ತೀನಿ." ಅವರನ್ನು ಹೊಳೆಗೆ ಕರೆದುಕೊಂಡು ಹೋದ. ವಾಪಸ್ ಬಂದಾಗ ಒಬ್ಬನ ಮುಖ ಗಂಟಿಕ್ಕಿಕೊಂಡೇ ಇತ್ತು. ಆದರೂ ಇಬ್ಬರೂ ಬೈಕುಗಳನ್ನು ಟ್ರಕ್ಕಿಗೆ ಹತ್ತಿಸಿ ಹೋದರು. ದಿಮ್ಮಿಗಳು ಮತ್ತೆ ಸರಿಯಲಿಲ್ಲ.

ಮಾರ್ಚ್‌ನಲ್ಲಿ ದೊಡ್ಡ ಮಳೆಗಳು ಬಂದವು. ಪ್ರತಿ ಮಳೆಗೂ ನಾವು ಕೊರಕಲು ಹೊಳೆಗೆ ಸೇರುವಲ್ಲಿಗಿಂತ ಮೇಲಿನಿಂದಲೂ ಕೆಳಗಿನಿಂದಲೂ ನೀರು ತುಂಬಿಸಿ ತಂದು ಎಷ್ಟು ಕದಡಿದೆ ಎಂದು ಅಳೆದೆವು. ಮೊದಲ ಮಳೆಗೆ ವ್ಯತ್ಯಾಸ ಸ್ವಲ್ಪವಿತ್ತು. ಮೂರನೆಯದಕ್ಕೆ ಎರಡು ಬಾಟಲಿಗಳನ್ನು ಬೆಳಕಿಗೆ ಹಿಡಿದ ರೇಂಜರ್‌ಗೆ ಯಾವುದು ಮೇಲಿನದು, ಯಾವುದು ಕೆಳಗಿನದು ತಿಳಿಯಲಿಲ್ಲ. ಚೀಟಿ ನೋಡಬೇಕಾಯಿತು. ದಾರಿಗಳನ್ನು ಏಪ್ರಿಲ್‌ನ ಮೊದಲ ಶನಿವಾರ ತೆರೆಯುವುದೆಂದು ತೀರ್ಮಾನವಾಯಿತು.

ಆ ಶನಿವಾರ ಬೆಳಿಗ್ಗೆ ಪಾರ್ಕಿಂಗ್ ಜಾಗದಲ್ಲಿ ಟ್ರೇಲರುಗಳ ಸಾಲು. ಅರ್ಧ ವರ್ಷ ಗಾಡಿ ಮುಟ್ಟದ ಜನ. ಭಾಯ್ ಹೆಂಡತಿ, ಮಗಳ ಜೊತೆ ಬಂದಿದ್ದರು. ಆ ಹುಡುಗಿ ಹೊಸ ಹೆಲ್ಮೆಟ್ ಹಾಕಿಕೊಂಡೇ ಟ್ರಕ್ಕಿನಿಂದ ಇಳಿದಳು. ಆದರೆ ರಾತ್ರಿಯೆಲ್ಲ ಮಳೆ ಬಂದಿತ್ತು, ಇನ್ನೂ ತುಂತುರು ಹನಿಯುತ್ತಿತ್ತು. ರೇಂಜರ್ ಬೀಗದ ಕೈ ಹಿಡಿದು ನಿಂತು, "ತೆರೆಯೋಕೆ ನನ್ನ ಅಡ್ಡಿ ಇಲ್ಲ. ನೀವೇ ನೋಡಿ ಹೇಳಿ" ಎಂದರು.

ಅಧ್ಯಕ್ಷ ಮತ್ತು ಭಾಯ್ ಹೊಸ ದಾರಿಯ ಬಾಯಿಗೆ ಹೋದರು. ಭಾಯ್ ಬೂಟಿನ ಹಿಮ್ಮಡಿಯನ್ನು ಮಣ್ಣಿಗೆ ಒತ್ತಿದರು. ಹಿಮ್ಮಡಿ ಸಲೀಸಾಗಿ ಒಳಗಿಳಿಯಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಹಿಂದೆ ಅಷ್ಟು ಜನ ಕಾಯುತ್ತಿದ್ದರು.

ಅಧ್ಯಕ್ಷ ತಿರುಗಿ ಬಂದು ಟ್ರೇಲರಿನ ಮೇಲೆ ಹತ್ತಿದ. "ಮೆತ್ತಗಿದೆ" ಎಂದ. "ಇವತ್ತು ಓಡಿಸಿದ್ರೆ ಚಳಿಗಾಲದ ಕೆಲಸವೆಲ್ಲ ಮಧ್ಯಾಹ್ನದೊಳಗೆ ಹೋಗುತ್ತೆ. ಇವತ್ತು ಬೇಡ."

ಎಲ್ಲೋ ಒಂದು ಬೈಗುಳ ಕೇಳಿಸಿತು. ಯಾರೋ ಟ್ರಕ್ಕಿನ ಬಾಗಿಲನ್ನು ಜೋರಾಗಿ ಹಾಕಿದರು. ಭಾಯ್ ಮಗಳು ಅಪ್ಪನ ಕಡೆ ತಿರುಗಿ "ಅಬ್ಬಾ, ಬಟ್ ಐ ವೇಟೆಡ್!" ಎಂದಳು. ಅವರು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ, "ನಾನೂ ವೇಟ್ ಮಾಡಿದೀನಿ ಬೇಟಾ. ಮಣ್ಣು ಒಣಗಲಿ" ಎಂದರು. ಎಲ್ಲರಿಗಿಂತ ಮೊದಲು ಗಾಡಿಯ ಹಗ್ಗಗಳನ್ನು ಮತ್ತೆ ಬಿಗಿದವನು ಮೆಕ್ಯಾನಿಕ್. ಬಿಗಿದು ಮುಗಿಸಿ, ಮನೆಗೆ ಹೊರಡದೆ, "ನಡೆಯೋದಕ್ಕೇನು ಅಡ್ಡಿ?" ಎಂದು ಕೇಳಿದ.

ಹೀಗಾಗಿ ಹೊಸ ದಾರಿಯ ಮೇಲೆ ಮೊದಲು ಹೋದದ್ದು ಕಾಲುಗಳು. ಅಂಚಿನ ಹುಲ್ಲಿನ ಮೇಲೆ ಒಬ್ಬರ ಹಿಂದೊಬ್ಬರು, ಕೊಡೆ, ರೇನ್‌ಕೋಟು, ನಾಯಿಗಳ ಸಮೇತ ಹತ್ತಿದೆವು. ಪ್ರತಿ ತಗ್ಗಿನಲ್ಲೂ ಮಳೆನೀರು ತೆಳ್ಳಗೆ ದಾರಿ ದಾಟಿ ಎಲೆಗಳ ನಡುವೆ ಇಂಗುತ್ತಿತ್ತು; ಜನ ನಿಂತು ನಿಂತು ಅದನ್ನೇ ನೋಡಿದರು. ನೆತ್ತಿಯ ಹತ್ತಿರ ದಾರಿ ಎರಡು ಹಿಕರಿ ಮರಗಳ ನಡುವೆ ಬಳುಕಿ ಹೊಳೆಯ ಕಡೆಗೆ ತಿರುಗುತ್ತದೆ. ಅಲ್ಲಿ ಅಧ್ಯಕ್ಷ ಎರಡೂ ಕೈಗಳನ್ನು ಮುಂದೆ ಚಾಚಿ, ಇಲ್ಲದ ಹ್ಯಾಂಡಲ್ ಹಿಡಿದು, ಮೈಯನ್ನು ಎಡಕ್ಕೆ ವಾಲಿಸಿದ.

"ಇಲ್ಲಿ ಸೆಕೆಂಡ್ ಗೇರು" ಎಂದ.

"ಫಸ್ಟು" ಎಂದ ಮೆಕ್ಯಾನಿಕ್, ತಾನೂ ಕೈ ಚಾಚಿ. "ಆ ಕಲ್ಲು ನೋಡಿದ್ಯಾ?"

ಭಾಯ್ ಮಗಳನ್ನು ಮುಂದೆ ನಿಲ್ಲಿಸಿಕೊಂಡು ಅವಳ ಮೊಣಕೈ ಹಿಡಿದು ತಿರುಗಿಸುವುದು ಹೇಗೆಂದು ತೋರಿಸಿದರು. ಅವರ ಹಿಂದೆ ನರ್ಸು, ಮೇಷ್ಟ್ರು, ಒಬ್ಬರಾದ ಮೇಲೆ ಒಬ್ಬರು ಆ ತಿರುವಿಗೆ ಬಂದು, ಮಳೆಯಲ್ಲಿ ನೆನೆಯುತ್ತ, ಕೈ ಚಾಚಿ, ಬಾಯಲ್ಲೇ ಎಂಜಿನ್ ಸದ್ದು ಮಾಡುತ್ತ ಎಡಕ್ಕೆ ವಾಲಿ ದಾಟಿದರು.